ಹರಕೆ ಎಂಬ ಪದವನ್ನು ಯಾಕೆ ಹೊಡೆದುಹಾಕಲಿಲ್ಲ

ಪ್ರೀತಿಯ ತಮ್ಮಾ,

ಮುಂಬಯಿಯ ಬೆನೆ ಇಸ್ರೇಲ್ ಯಹೂದಿಗಳ ಮೊದಲ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರದ ಬಗ್ಗೆ ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಯಾಯಿತು, ಎರಡನೇ ಸಲ ಪೆನ್ಸಿಲ್ ಹಿಡಿದೆ.

ಶುರುವಿನಲ್ಲೇ ಟಿಪ್ಪುವಿನ ತಾಯಿಯನ್ನು ತಂದು ನಿಲ್ಲಿಸಿದ್ದೀಯ. ಕಂಪನಿ ಪಡೆಯಲ್ಲಿದ್ದ ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ್ ಎರಡನೇ ಮೈಸೂರು ಯುದ್ಧದಲ್ಲಿ ಸೆರೆಸಿಕ್ಕಿದ. ಇವರು ಕುರಾನಿನಲ್ಲಿ ಹೆಸರಿರುವ ಬನೀ ಇಸ್ರಾಯೀಲರು, ಇವರನ್ನು ಉಳಿಸು ಎಂದು ಆ ತಾಯಿ ಮಗನಿಗೆ ಹೇಳಿದಳೆಂಬುದು ಆ ಸಮುದಾಯ ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ. ನೀನೋ ದೀಪದ ಬೆಳಕು, ಕಣ್ಣೀರು, ಮಾತುಕತೆ ಎಲ್ಲ ಸೇರಿಸಿ ಪಕ್ಕದಲ್ಲೇ ನಿಂತು ನೋಡಿದವನ ಹಾಗೆ ಬರೆದಿದ್ದೀಯ. 'ಎಂದು ಅವರು ಹೇಳುತ್ತಾರೆ' ಅಂತ ಒಂದು ಮಾತು ಹಾಕು. ಇಡೀ ಪ್ರಸಂಗವನ್ನು ಹಿಂದಕ್ಕೂ ಸರಿಸು. ಟಿಪ್ಪು ಹೆಸರೆತ್ತಿದರೆ ನಮ್ಮ ಅರ್ಧ ಓದುಗರು ಅಲ್ಲೇ ಜಗಳಕ್ಕೆ ನಿಲ್ಲುತ್ತಾರೆ, ಸಿನಗಾಗ್ ತನಕ ಬರುವುದೇ ಇಲ್ಲ.

ಸೆರೆಯಿಂದ ಬಿಟ್ಟರೆ ದೇವರಿಗೊಂದು ಮನೆ ಕಟ್ಟಿಸುತ್ತೇನೆಂದು ಅವನು 'ಹರಕೆ' ಹೊತ್ತ ಅಂತ ಬರೆದಿದ್ದೀಯ. ತಿರುಪತಿ, ಧರ್ಮಸ್ಥಳದ ಮಾತನ್ನು ಯಹೂದಿಯ ಬಾಯಿಗೆ ತುರುಕಿದ್ದಾನಲ್ಲ ಅಂದುಕೊಂಡು ಹೊಡೆದುಹಾಕಲು ಹೊರಟಿದ್ದೆ. ಅಷ್ಟರಲ್ಲಿ ಮಲೀದಾ ನೆನಪಾಯಿತು. ಪ್ರವಾದಿ ಏಲಿಯನ ಹೆಸರಿನಲ್ಲಿ ಇವರು ಹರಕೆ ಹೇಳಿಕೊಳ್ಳುತ್ತಾರೆ, ತೀರಿದ ಮೇಲೆ ಅವಲಕ್ಕಿಗೆ ತೆಂಗಿನ ತುರಿ, ಸಿಹಿ ಕಲಸಿ, ಹಣ್ಣಿಟ್ಟು ಹಂಚುತ್ತಾರೆ. ಹಾಗಾಗಿ ನಿನ್ನ ಪದ ಇರಲಿ. ಆದರೆ ಮಲೀದಾವನ್ನೂ ತಾ, ಇಲ್ಲದಿದ್ದರೆ ಓದುಗ ನನ್ನ ಹಾಗೇ ಎಡವುತ್ತಾನೆ.

ನಿನ್ನ ನಿಜವಾದ ಶುರು ನಾಲ್ಕನೇ ಪುಟದಲ್ಲಿ ಹೂತುಹೋಗಿದೆ. ಕೊಂಕಣದ ಹಳ್ಳಿಗಳಲ್ಲಿ ಗಾಣ ನಡೆಸುತ್ತಿದ್ದ ಈ ಜನ ತಮ್ಮ ಧರ್ಮದ ವಿಶ್ರಾಂತಿ ದಿನವಾದ ಶನಿವಾರ ಮಾತ್ರ ಎಣ್ಣೆ ತೆಗೆಯುತ್ತಿರಲಿಲ್ಲ. ಊರವರು ಅವರನ್ನು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು ಎಂದರು. ಹೀಬ್ರೂ ಹೆಚ್ಚುಕಡಿಮೆ ಮರೆತೇಹೋಗಿದ್ದರೂ 'ಶೆಮಾ ಇಸ್ರಾಯೇಲ್' ಎಂಬ ಪ್ರಾರ್ಥನೆಯೊಂದು ಬಾಯಲ್ಲಿ ಉಳಿದಿತ್ತು. ನಿಂತ ಗಾಣದಿಂದ ಹೊರಡು. ಆಮೇಲೆ 1796ಕ್ಕೆ ಬಾ, ಮುಂಬಯಿಯ ಮಾಂಡವಿಯಲ್ಲಿ ದಿವೇಕರ್ ಕಟ್ಟಿಸಿದ 'ಶಾರ್ ಹಾ-ರಹಾಮಿಮ್', ಕರುಣೆಯ ಬಾಗಿಲು, ಆಗ ತಾನಾಗಿ ತೆರೆದುಕೊಳ್ಳುತ್ತದೆ. ಅವರ ಮಾತಿನಲ್ಲಿ ಅದು 'ಮಸೀದಿ' ಎಂಬುದನ್ನು ಮರೆಯಬೇಡ. ಪಕ್ಕದ ಮಸ್ಜಿದ್ ರೈಲು ನಿಲ್ದಾಣಕ್ಕೆ ಹೆಸರು ಬಂದದ್ದೂ ಇದರಿಂದಲೇ ಎನ್ನುತ್ತಾರೆ.

ಒಂದು ತಪ್ಪು ತಿದ್ದಿಕೋ: ನೀನು ಕಂಬ ಕಂಬವನ್ನೂ ವರ್ಣಿಸಿದ ಕಟ್ಟಡ ದಿವೇಕರನದಲ್ಲ. 1860ರಲ್ಲಿ ಸಿನಗಾಗ್ ಈಗಿರುವ ಜಾಗಕ್ಕೆ ಬಂತು.

ಇನ್ನು ಅವನ ಸಾವು. ಯಹೂದಿಗಳ ಧರ್ಮಗ್ರಂಥ ತೋರಾದ ಸುರುಳಿ ತರಲೆಂದು ಕೊಚ್ಚಿಗೆ ಹೋದವನು 1797ರಲ್ಲಿ ಅಲ್ಲೇ ತೀರಿಕೊಂಡ. ಕಟ್ಟಿಸಿ ಒಂದೇ ವರ್ಷ. ಟಿಪ್ಪುವಿನ ತಾಯಿಗೆ ಎರಡು ಪುಟ ಕೊಟ್ಟವನು ಇದಕ್ಕೆ ಅರ್ಧ ಸಾಲು ಕೊಟ್ಟಿದ್ದೀಯಲ್ಲೋ! ತಿದ್ದಿ ಕಳಿಸು. ಪೆನ್ಸಿಲ್ ಇಲ್ಲೇ ಇರುತ್ತದೆ.

ನಿನ್ನ ಅಣ್ಣ