ಒಂದೇ ಮಾದರಿಯ ಹೆಸರಿನಲ್ಲಿ ಬೇರೆ ವೈಫೈ ಕಾರ್ಡ್ ಇರುವ ಲ್ಯಾಪ್‌ಟಾಪ್ ಕೊಟ್ಟ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಉಡುಪಿಯ ಕಲ್ಸಂಕದ ಬಳಿ ನಾನು ಸಣ್ಣದೊಂದು ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಮದುವೆ ಕಾಗದ, ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಕರಪತ್ರ ಎಲ್ಲವೂ ನಮ್ಮಲ್ಲಿ ಡೆಬಿಯನ್ 12 (ವಿಂಡೋಸ್ ಬದಲು ಬಳಸುವ, ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶ) ಹಾಕಿದ ಯಂತ್ರಗಳಲ್ಲೇ ತಯಾರಾಗುತ್ತವೆ. ಕರಡನ್ನು ಗಿರಾಕಿಗಳ ಮನೆಗೆ ಒಯ್ದು ಅಲ್ಲೇ ತಿದ್ದಿಕೊಡಲು ಒಂದು ಲ್ಯಾಪ್‌ಟಾಪ್ ಬೇಕಾಗಿತ್ತು. ನಾಲ್ಕು ಬಾರಿ ಫೋನ್ ಮಾಡಿ, ಎರಡು ಬಾರಿ ಮಂಗಳೂರಿಗೆ ಬಂದು ಬರಿಗೈಯಲ್ಲಿ ಹಿಂತಿರುಗಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕಣ್ಣು ಮುಚ್ಚಿ ಕೊಂಡವನಲ್ಲ. ಹಂಪನಕಟ್ಟೆಯ ನಿಮ್ಮ ಮಳಿಗೆಯಲ್ಲಿ, ನಿಮ್ಮ ಸಿಬ್ಬಂದಿಯ ಒಪ್ಪಿಗೆ ಪಡೆದು, ಪ್ರದರ್ಶನಕ್ಕಿಟ್ಟ ಯಂತ್ರವನ್ನು ಡೆಬಿಯನ್ ಇರುವ ನನ್ನ ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ ನೋಡಿದೆ. ಹೀಗೆ ನೋಡುವಾಗ ಯಂತ್ರದ ಡಿಸ್ಕಿನಲ್ಲಿ ಏನನ್ನೂ ಬರೆಯಬೇಕಾಗಿಲ್ಲ. ಧ್ವನಿ, ಕ್ಯಾಮೆರಾ, ಟಚ್‌ಪ್ಯಾಡ್, ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರಗೊಳ್ಳುವುದು, ಎಲ್ಲವೂ ಸರಿಯಿತ್ತು. ವೈಫೈ ನನ್ನ ಫೋನಿನ ಹಾಟ್‌ಸ್ಪಾಟ್‌ಗೆ ಕೂಡಲೇ ಸೇರಿಕೊಂಡಿತು. ಯಂತ್ರದೊಳಗಿನ ಭಾಗಗಳ ಪಟ್ಟಿ ತೋರಿಸುವ 'ಎಲ್‌ಎಸ್‌ಪಿಸಿಐ' ಆಜ್ಞೆ ಕೊಟ್ಟಾಗ ವೈಫೈ ಕಾರ್ಡ್ ಇಂಟೆಲ್ ಎಎಕ್ಸ್201 ಎಂದು ತೋರಿಸಿತು. ಆ ಪರದೆಯ ಫೋಟೋ ನನ್ನ ಬಳಿ ಇದೆ. ಪೆಟ್ಟಿಗೆಯಲ್ಲಿ ಬರುವುದೂ ಇದೇ ತಾನೇ ಎಂದು ಕೇಳಿದ್ದಕ್ಕೆ, 'ಮಾಡೆಲ್ ಒಂದೇ ಸರ್, ಎಂತ ವ್ಯತ್ಯಾಸ ಇಲ್ಲ' ಎಂಬ ಉತ್ತರ ಬಂತು.

ಮನೆಗೆ ತಂದು ಪೆಟ್ಟಿಗೆ ಒಡೆದು ಅದೇ ಪೆನ್‌ಡ್ರೈವ್ ಹಾಕಿದರೆ ವೈಫೈ ಚಿಹ್ನೆಯೇ ಇಲ್ಲ. ಒಳಗಿದ್ದದ್ದು ರಿಯಲ್‌ಟೆಕ್ 8852ಬಿಇ. ಈ ಚಿಪ್ಪಿನ ಚಾಲಕ ತಂತ್ರಾಂಶ (ಡ್ರೈವರ್) ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಸೇರಿದ್ದು 6.2ನೇ ಆವೃತ್ತಿಯಲ್ಲಿ, ಡೆಬಿಯನ್ 12 ಬರುವುದು 6.1ರೊಂದಿಗೆ; ಹಾಗಾಗಿ ಅದರಲ್ಲಿ ಈ ಕಾರ್ಡ್ ನಡೆಯುವುದಿಲ್ಲ. ಹೊಸ ಕರ್ನೆಲ್ ಹಾಕಿಕೊಳ್ಳಬಹುದು ಎಂಬುದು ನನಗೂ ಗೊತ್ತಿದೆ. ಆದರೆ ಪರೀಕ್ಷಿಸಿ ಒಪ್ಪಿದ ವಸ್ತು ಒಂದು, ಹಣ ಪಡೆದು ಕೊಟ್ಟ ವಸ್ತು ಇನ್ನೊಂದು ಎಂಬುದೇ ನನ್ನ ದೂರು. ಪೆಟ್ಟಿಗೆಯ ಮೇಲೆ ಬರೀ 'ವೈಫೈ 6' ಎಂದಿದೆ, ಕಾರ್ಡಿನ ಹೆಸರು ಎಲ್ಲಿಯೂ ಇಲ್ಲ.

ಏಳು ದಿನಗಳೊಳಗೆ ವಸ್ತು ಬದಲಿಸಿಕೊಡುವ ನಿಮ್ಮ ನಿಯಮವನ್ನು ನಿಮಗೆ ನಾನು ಓದಿ ಹೇಳಬೇಕಾಗಿಲ್ಲ. ನಾನು ಮೂರನೆಯ ದಿನವೇ ಬಂದೆ. ಸೇವಾ ಕೇಂದ್ರದ ಕೌಂಟರಿನಲ್ಲಿದ್ದವರು ಪರದೆಯನ್ನು ಒಮ್ಮೆ ನೋಡಿ, ಹಿಂದೆ ಸಾಲಿನಲ್ಲಿದ್ದ ಐದಾರು ಮಂದಿಗೆ ಕೇಳುವಂತೆ, 'ಇದೆಂತದು, ವಿಂಡೋಸ್ ಪೈರಸಿಯಾ?' ಎಂದರು. ಇದು ಮುಕ್ತ ತಂತ್ರಾಂಶ, ಪರವಾನಗಿಯೇ ಬಳಸಲು ಹಂಚಲು ಅನುಮತಿ ಕೊಡುತ್ತದೆ ಎಂದೆ. 'ಫ್ರೀ ಸಿಕ್ಕಿದ್ದನ್ನು ಹಾಕಿದ್ರೆ ಹೀಗೇ ಆಗುವುದು, ವಿಂಡೋಸ್ ಉಂಟಲ್ಲ, ಮತ್ತೆ ಯಾಕೆ ಈ ಉಸಾಬರಿ?' ಎಂದರು. ಏನನ್ನೂ ಹಾಕಿಲ್ಲ, ಪೆನ್‌ಡ್ರೈವ್ ತೆಗೆದರೆ ನಿಮ್ಮ ವಿಂಡೋಸ್ ಹಾಗೆಯೇ ಇದೆ ಎಂದು ತೆಗೆದು ತೋರಿಸಿದೆ. ಸಾಲಿನಲ್ಲಿ ಯಾರೋ ನಕ್ಕರು. ಫೋಟೋ ತೋರಿಸಲು ಫೋನ್ ಚಾಚಿದೆ; ಅವರು ಅದನ್ನು ನೋಡದೆ ಜಾಬ್‌ಶೀಟಿನಲ್ಲಿ (ದುರಸ್ತಿಯ ದಾಖಲೆ ಹಾಳೆಯಲ್ಲಿ) 'ಗ್ರಾಹಕರ ಸಾಫ್ಟ್‌ವೇರ್ ತಪ್ಪು' ಎಂದು ಬರೆದು, 'ನೆಕ್ಸ್ಟ್' ಎಂದು ನನ್ನ ಹಿಂದಿದ್ದವರನ್ನು ಕರೆದರು. ಹದಿನೇಳು ವರ್ಷಗಳಿಂದ ಈ ಕೆಲಸ ಮಾಡಿ ಹೊಟ್ಟೆ ಹೊರೆಯುತ್ತಿರುವ ನನ್ನನ್ನು ಕಳ್ಳನಂತೆ ನಿಲ್ಲಿಸಿದ್ದನ್ನು ನಾನು ಮರೆಯಲಾರೆ.

ಪ್ರದರ್ಶನದ ಯಂತ್ರದಲ್ಲಿದ್ದ ಕಾರ್ಡೇ ಇರುವ ಯಂತ್ರವನ್ನು ಕೊಡಿ, ಇಲ್ಲವೇ ಪೂರ್ಣ ಹಣ ಹಿಂತಿರುಗಿಸಿ. ಜಾಬ್‌ಶೀಟಿನ ಆ ಸಾಲನ್ನು ಬರಹದಲ್ಲೇ ತೆಗೆದುಹಾಕಿ. ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನಾನು ವಾಸಿಸುವ ಊರಿನಲ್ಲೇ ಅದಕ್ಕೆ ಅವಕಾಶವಿದೆ, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಎರಡೂ ಪರದೆಗಳ ಫೋಟೋ, ಬಿಲ್ಲು, ಜಾಬ್‌ಶೀಟಿನ ಪ್ರತಿ ಲಗತ್ತಿಸಿದ್ದೇನೆ. ಮೂಲಪ್ರತಿಗಳನ್ನು ಆಯೋಗದ ಮುಂದೆಯೇ ಇಡುತ್ತೇನೆ.

ಇತಿ,
ನಿಮ್ಮ ಗ್ರಾಹಕ,
ಉಡುಪಿ