ಜೂನ್‌ನಿಂದ ನಾಟಕ ಭಾನುವಾರ ಬೆಳಿಗ್ಗೆ, ಚಿಕ್ಕ ಹಾಲ್‌ನಲ್ಲಿ: ಯಾಕೆ ಅಂತ ಒಂದು ಪತ್ರ

ನಮಸ್ಕಾರ,

ನಾಟಕಕ್ಕೆ ಬರೋ ಅಪ್ಪ ಅಮ್ಮಂದಿರಿಗೆ, ಮೊಮ್ಮಕ್ಕಳಿಗಿಂತ ಮುಂಚೆ ಬಂದು ಸೀಟ್ ಹಿಡಿಯೋ ಅಜ್ಜಿ ತಾತಂದಿರಿಗೆ, ಶನಿವಾರದ ನಾಟಕ ಕ್ಲಾಸ್‌ಗೆ ಮಕ್ಕಳನ್ನ ಕಳಿಸ್ತಿರೋ ಎಲ್ರಿಗೂ, ಮೈಸೂರಿನ ನಮ್ಮ ಕಲಾವಿದರ ಸಂಘದಿಂದ ಈ ಪತ್ರ. ವಿಷ್ಯ ಮೊದ್ಲು ಹೇಳ್ಬಿಡ್ತೀವಿ, ಕಾರಣ ಆಮೇಲೆ. ಜೂನ್ ಮೊದಲನೇ ಭಾನುವಾರದಿಂದ ನಮ್ಮ ಫ್ಯಾಮಿಲಿ ನಾಟಕಗಳು ಸಂಜೆ ಆರೂವರೆಗೆ ಆ ದೊಡ್ಡ ಹಾಲ್‌ನಲ್ಲಿ ಇರಲ್ಲ. ಬೆಳಿಗ್ಗೆ ಹತ್ತೂವರೆಗೆ ಒಂದು ಶೋ, ಹನ್ನೆರಡಕ್ಕೆ ಇನ್ನೊಂದು, ನಾವು ಕ್ಲಾಸ್ ಮಾಡೋ ಅದೇ ಚಿಕ್ಕ ಹಾಲ್‌ನಲ್ಲಿ. ಒಂದು ಶೋಗೆ ನೂರು ಜನ ಅಷ್ಟೇ. ಐವತ್ತು ನಿಮಿಷದ ನಾಟಕ, ಇಂಟರ್ವಲ್ ಇಲ್ಲ, ಮೈಕ್ ಇಲ್ಲ. ಟಿಕೆಟ್ 150 ಇದ್ದಿದ್ದು 200 ಆಗತ್ತೆ, ಎರಡು ವರ್ಷ ದಾಟಿದ ಮಗುಗೂ ಟಿಕೆಟ್ ಬೇಕು.

ಕೊನೇ ಮಾತು ಓದಿ ಕೆಲವ್ರು ಆಗ್ಲೇ ಹುಬ್ಬು ಗಂಟಿಕ್ಕಿರ್ತೀರ, ಗೊತ್ತು. ದುಡ್ಡಿನ ಲೆಕ್ಕ ಕೆಳಗೆ ಬರತ್ತೆ, ಮೊದ್ಲು ಹಾಲ್ ಕಥೆ ಕೇಳಿ.

ದೊಡ್ಡ ಹಾಲ್ ಸನ್ಮಾನಕ್ಕೆ, ಭಾಷಣಕ್ಕೆ, ಸ್ಕೂಲ್ ಡೇಗೆ ಚೆನ್ನಾಗೇ ಇದೆ. ಆದ್ರೆ ಆರು ವರ್ಷದ ಮಗುನ ಹದಿನೈದನೇ ಸಾಲಲ್ಲಿ ಕೂರ್ಸಿದ್ರೆ ಅದಕ್ಕೆ ಕಾಣೋದು ಮುಂದಿನ ಸೀಟಿನ ಬೆನ್ನು. ಆ ಮಡಚೋ ಸೀಟು ಬೇರೆ, ಮಗು ಭಾರ ಸಾಲ್ದೆ ತಾನೇ ಮೇಲಕ್ಕೆ ಮಡಚ್ಕೊಳ್ಳತ್ತೆ, ಮಗು ಎರಡು ಕಾಲೂ ಮೇಲೆ ಮಾಡ್ಕೊಂಡು ಮಧ್ಯದಲ್ಲಿ ಸಿಕ್ಕಾಕೊಂಡಿರತ್ತೆ, ಅಮ್ಮ ನಾಟಕ ಪೂರ್ತಿ ಒಂದು ಕೈಯಲ್ಲಿ ಸೀಟು ಒತ್ತಿ ಹಿಡ್ಕೊಂಡು ಕೂತಿರ್ತಾರೆ. ಇನ್ನು ಮೈಕು. ಹುಲಿ ಸ್ಟೇಜಿನ ಎಡಗಡೆ ಗರ್ಜಿಸಿದ್ರೆ ಸೌಂಡ್ ಬರೋದು ಬಲಗಡೆ ಬಾಕ್ಸ್‌ನಿಂದ, ಮಗು ಹುಲಿ ಬಿಟ್ಟು ಬಾಕ್ಸ್ ನೋಡತ್ತೆ. ದೊಡ್ಡೋರು ಇದನ್ನೆಲ್ಲ ತಲೇಲೇ ಸರಿ ಮಾಡ್ಕೊಂಡು ನೋಡ್ತೀವಿ, ಮಕ್ಕಳು ಯಾಕೆ ಮಾಡ್ಕೋಬೇಕು? ಅವ್ರು ನಾಟಕ ನೋಡೋದೇ ಮುಖ ನೋಡಿ. ನಟ ಒಂದು ಮಾತು ಆಡೋಕೆ ಮುಂಚೆ ಉಸಿರು ಎಳ್ಕೊಳ್ತಾನಲ್ಲ, ಅಲ್ಲೇ ಅವ್ರಿಗೆ ಮುಂದೆ ಏನೋ ಆಗತ್ತೆ ಅಂತ ಗೊತ್ತಾಗಿಬಿಡತ್ತೆ, ಆ ಉಸಿರು ಹದಿನೈದನೇ ಸಾಲಿಗೆ ಬರಲ್ಲ.

ಈ ಬದಲಾವಣೆ ಸುಮ್ನೆ ಕೂತು ಯೋಚ್ನೆ ಮಾಡಿ ಹೊಳೆದಿದ್ದಲ್ಲ. ನಾವು ವಾರದ ದಿನ ಶಾಲೆಗಳಿಗೆ ಹೋಗಿ ಶೋ ಮಾಡ್ತೀವಲ್ಲ, ಅಲ್ಲಿ ಸ್ಟೇಜ್ ಇರಲ್ಲ, ಜಮಖಾನ ಹಾಸಿ ಮಕ್ಕಳು ಮುಂದೆ ಕೂತಿರ್ತಾರೆ, ನಾವು ಅವ್ರ ಮೂಗಿನ ಮುಂದೆ ಆಡ್ತೀವಿ. ನಂಜನಗೂಡಿನ ಹತ್ರ ಒಂದು ಶಾಲೇಲಿ ಕಾಗೆ ಮತ್ತು ಹಾವಿನ ಕಥೆ ಆಡ್ತಿದ್ವಿ. ಕಾಗೆ ಅಂದ್ರೆ ಒಂದು ಹಳೇ ಕರಿ ಛತ್ರಿ, ತೆಗೆದು ಮುಚ್ಚಿದ್ರೆ ರೆಕ್ಕೆ. ಮೊಟ್ಟೆ ಅಂದ್ರೆ ಪಿಂಗ್‌ಪಾಂಗ್ ಬಾಲು. ಒಂದು ಮೊಟ್ಟೆ ಗೂಡಿಂದ ಉರುಳಿ ಮುಂದಿನ ಸಾಲಿಗೆ ಹೋಯ್ತು, ಅಲ್ಲಿ ಕೂತಿದ್ದ ಹುಡುಗಿ ಟಕ್ ಅಂತ ಎತ್ತಿ ಲಂಗದಲ್ಲಿ ಮುಚ್ಚಿಟ್ಕೊಂಡ್ಬಿಟ್ಲು. ಹಾವು ಹೋಗಿ ಬುಸ್ ಬುಸ್ ಅಂತ ಕೈ ಚಾಚಿದ್ರೆ "ಕೊಡಲ್ಲ, ನೀನು ತಿಂತೀಯ" ಅಂದ್ಲು. ಹಾವು ಗೋಗರೀತು, ತಿನ್ನಲ್ಲ ಅಂತ ಆಣೆ ಇಡ್ತು, ಇಡೀ ಶಾಲೆ "ಕೊಡ್ಬೇಡ ಕಣೇ" ಅಂತ ಕೂಗ್ತಿದೆ, ಹೆಡ್‌ಮಾಸ್ಟ್ರು ಕೂಡ ಕೂಗ್ತಿದಾರೆ. ಕೊನೆಗೆ ಛತ್ರಿ ಹಿಡ್ಕೊಂಡು ಕಾಗೆನೇ ಬಂದು ಕೇಳಿದ್ಮೇಲೆ ಕೊಟ್ಲು. ನಾವು ಬರ್ಕೊಂಡಿದ್ದ ನಾಟಕದಲ್ಲಿ ಇದ್ಯಾವ್ದೂ ಇರ್ಲಿಲ್ಲ, ಈಗ ಪ್ರತಿ ಶೋದಲ್ಲೂ ಒಂದು ಮೊಟ್ಟೆ ಬೇಕಂತಲೇ ಉರುಳಿಸ್ತೀವಿ. ಇದೇ ನಾಟಕ ದೊಡ್ಡ ಹಾಲ್‌ನಲ್ಲಿ ಮಾಡಿದ್ರೆ ಬಾಲು ಸ್ಟೇಜಿನ ಅಂಚಿಂದ ಕತ್ಲೆಗೆ ಬಿದ್ದು ಹೋಗತ್ತೆ, ಅಷ್ಟೇ.

ವಾಟ್ಸಾಪ್ ಗ್ರೂಪಲ್ಲಿ ಒಬ್ಬ ತಾತ ಕೇಳಿದ್ರು, "ನಾವು ಹುಡುಗರಾಗಿದ್ದಾಗ ರಾತ್ರಿ ಪೂರ್ತಿ ಕಂಪನಿ ನಾಟಕ ನೋಡ್ತಿದ್ವಿ, ಈಗಿನ ಮಕ್ಕಳಿಗೆ ಐವತ್ತೇ ನಿಮಿಷಾನಾ" ಅಂತ. ಪ್ರಶ್ನೆ ಚೆನ್ನಾಗಿದೆ. ಆದ್ರೆ ಸರ್, ಆಗ ನಿಮ್ಮನ್ನ ಯಾರೂ ಸದ್ದು ಮಾಡ್ದೆ ಕೂತ್ಕೋ ಅಂತ ಅಂದಿರ್ಲಿಲ್ಲ. ಕಡ್ಲೆಪುರಿ ತಿಂದು, ಅಮ್ಮನ ತೊಡೆ ಮೇಲೆ ಮಲ್ಗಿ, ಹಾಸ್ಯದ ಸೀನ್ ಬಂದಾಗ ಯಾರೋ ಎಬ್ಬಿಸಿ, ಮತ್ತೆ ನಿದ್ದೆ. ಕರಾವಳಿ ಕಡೆ ಬಯಲಾಟದಲ್ಲೂ ಅಷ್ಟೇ, ಮಕ್ಕಳು ನೆಲದ ಮೇಲೆ ಎಲ್ಲರಿಗಿಂತ ಮುಂದೆ, ಬಣ್ಣದ ವೇಷದ ರಾಕ್ಷಸ ಆರ್ಭಟಿಸ್ಕೊಂಡು ಬಂದಾಗ ಎದ್ದು ಹಿಂದಕ್ಕೆ ಓಡೋದು, ಆಮೇಲೆ ಮೆಲ್ಲಗೆ ವಾಪಸ್ ಬಂದು ಅಲ್ಲೇ ಕೂರೋದು. ಅಲ್ಲಿ ಜಾಗ ಇತ್ತು, ಹೊತ್ತಿತ್ತು. ಸೀಟಿಗೆ ನಂಬರ್ ಬರೆದಿರೋ ಕಡೆ ಎರಡು ಗಂಟೆ ಅಲ್ಲಾಡದೆ ಕೂರು ಅನ್ನೋದು ಬೇರೆ ಲೆಕ್ಕ.

ಬೆಳಿಗ್ಗೆ ಯಾಕೆ ಅಂದ್ರೆ, ಸಂಜೆ ಆರೂವರೆಗೆ ಚಿಕ್ಕ ಮಕ್ಕಳು ಅರ್ಧ ಸುಸ್ತಾಗಿರ್ತಾರೆ, ನಾಟಕ ಮುಗ್ದು ಮನೆಗೆ ಹೋಗಿ ಊಟ ಮಾಡೋ ಹೊತ್ತಿಗೆ ಒಂಬತ್ತು, ಸೋಮವಾರದ ಹೋಮ್‌ವರ್ಕ್ ಇನ್ನೂ ಬಾಕಿ. ಜೊತೆಗೆ ಮೈಸೂರಿನ ಸಂಜೆ ಮಳೆ ನಿಮ್ಗೇ ಗೊತ್ತಲ್ಲ, ಚಿಕ್ಕ ಹಾಲಿಗೆ ಶೀಟ್ ಛಾವಣಿ, ಜೋರು ಮಳೆ ಬಿದ್ರೆ ಮೈಕ್ ಇಲ್ದೆ ಒಂದು ಮಾತೂ ಕೇಳಲ್ಲ. ಭಾನುವಾರ ಬೆಳಿಗ್ಗೆ ಮಟನ್ ಅಂಗಡಿ ಕ್ಯೂ ಇರತ್ತಲ್ಲಾ ಅಂತ ಒಬ್ರು ಅಪ್ಪ ಕಷ್ಟ ಹೇಳ್ಕೊಂಡ್ರು, ಅವ್ರಿಗೋಸ್ಕರನೇ ಹನ್ನೆರಡರ ಶೋ ಇದೆ ಅಂದ್ಕೊಳ್ಳಿ, ಆದ್ರೆ ಮಕ್ಕಳಿಗೆ ಏನಾದ್ರೂ ತಿನ್ಸಿ ಕರ್ಕೊಂಡ್ ಬನ್ನಿ, ಒಳಗೆ ಚಿಪ್ಸ್ ಪಾಪ್‌ಕಾರ್ನ್ ಇರಲ್ಲ.

ಈಗ ದುಡ್ಡು. ನಾವು ಒಂಬತ್ತು ಜನ ಕಲಾವಿದರು ಸೇರಿ ನಡೆಸೋ ಸಹಕಾರ ಸಂಘ, ಓನರ್ ಅಂತ ಯಾರೂ ಇಲ್ಲ. ನಮ್ಮಲ್ಲಿ ಕೆಲವ್ರು ಹೆಗ್ಗೋಡಿನ ನೀನಾಸಂನಲ್ಲಿ ಕಲಿತೋರು, ಅಲ್ಲಿ 1980ರಿಂದ ರಂಗ ಶಿಕ್ಷಣ ಕೇಂದ್ರ ಇದೆ, ಅಲ್ಲಿ ಕಲಿತೋರು ರಾಜ್ಯದ ತುಂಬ ಇದಾರೆ. ನಮ್ಗೆ ನಾಟಕ ಹವ್ಯಾಸ ಅಲ್ಲ, ಕೆಲ್ಸ. ಆದ್ರೂ ಶೋ ಆದ್ಮೇಲೆ ಯಾರಾದ್ರೂ ಬಂದು ಕೈ ಕುಲುಕಿ "ಸೂಪರ್ ಆಗಿತ್ತು, ಅಂದಹಾಗೆ ಏನ್ ಕೆಲ್ಸ ಮಾಡ್ಕೊಂಡಿದೀರಾ" ಅಂತ ಕೇಳೋದು ತಪ್ಪಿಲ್ಲ. ದೊಡ್ಡ ಹಾಲ್‌ನಲ್ಲಿ ಟಿಕೆಟ್ ದುಡ್ಡಲ್ಲಿ ಮೊದ್ಲು ಹೋಗೋದು ಹಾಲ್ ಬಾಡಿಗೆ, ಆಮೇಲೆ ಲೈಟ್, ಮೈಕ್ ಸೆಟ್, ಜನರೇಟರ್, ಸಾಮಾನು ಸಾಗಿಸೋ ಟೆಂಪೋ, ಕೊನೇಲಿ ಉಳಿದಿದ್ದು ಕಲಾವಿದರಿಗೆ, ಕೆಲವು ತಿಂಗಳು ಉಳೀತಾನೇ ಇರ್ಲಿಲ್ಲ. ಚಿಕ್ಕ ಹಾಲ್‌ನಲ್ಲಿ ಸೀಟು ಕಮ್ಮಿ, ಆದ್ರೆ ಈ ಖರ್ಚು ಮುಕ್ಕಾಲು ಭಾಗ ಇಲ್ಲ, ಸಾಮಾನು ಅಲ್ಲೇ ಇರತ್ತೆ, ಲೈಟ್ ನಮ್ದೇ ಆರು. 200 ಅಂದ್ರೆ 200 ಅಷ್ಟೇ, ಐನೂರು ರೂಪಾಯಿವರೆಗಿನ ನಾಟಕದ ಟಿಕೆಟ್‌ಗೆ ಜಿಎಸ್‌ಟಿ ಇಲ್ಲ. ನಾಲ್ಕು ಜನ ಒಟ್ಟಿಗೆ ಬಂದ್ರೆ 700. ತೊಡೆ ಮೇಲೆ ಕೂರೋ ಮಕ್ಕಳಿಗೆ ಇಷ್ಟು ದಿನ ಫ್ರೀ ಇತ್ತು, ಆದ್ರೆ ಮೂರು ವರ್ಷದೋರು ತೊಡೆ ಮೇಲೆ ಐದು ನಿಮಿಷದ ಮೇಲೆ ಕೂರಲ್ಲ, ಜಮಖಾನದ ಮೇಲೆ ಅವ್ರಿಗೂ ಒಂದು ಜಾಗ ಬೇಕು, ನೂರು ಅಂದ್ರೆ ಅವ್ರನ್ನೂ ಸೇರಿಸಿ ನೂರು.

ಕೂರೋ ವ್ಯವಸ್ಥೆ ಹೀಗೆ, ಮುಂದೆ ಅರವತ್ತು ಜನಕ್ಕೆ ನೆಲ, ಹಿಂದೆ ನಲವತ್ತು ಕುರ್ಚಿ. ಮಂಡಿ ನೋವು ಇರೋರಿಗೆ ಕುರ್ಚಿ ಗ್ಯಾರಂಟಿ, ಬುಕ್ ಮಾಡುವಾಗ ಒಂದು ಮಾತು ಹೇಳಿ. ಹಾಲ್ ಕೆಳಗಡೆನೇ ಇದೆ, ಮೆಟ್ಲು ಹತ್ತೋದಿಲ್ಲ. ಬೆಂಗಳೂರಿನ ರಂಗಶಂಕರಕ್ಕೆ ಹೋದೋರಿಗೆ ಗೊತ್ತಿರತ್ತೆ, ಅಲ್ಲಿ ಟೈಮ್ ಆದ್ರೆ ಬಾಗ್ಲು ಮುಚ್ಚಿದ್ರು ಅಂತ್ಲೇ ಲೆಕ್ಕ, ಲೇಟಾಗಿ ಬಂದೋರಿಗೆ ಎಂಟ್ರಿ ಇಲ್ಲ. ಆ ಶಿಸ್ತು ನಮ್ಗೆ ಬಹಳ ಇಷ್ಟ, ಆದ್ರೆ ಮಕ್ಕಳನ್ನ ರೆಡಿ ಮಾಡಿಸ್ಕೊಂಡು ಬರೋದು ಏನು ಅಂತ ನಮ್ಗೂ ಮನೇಲಿ ಗೊತ್ತು. ಅದಕ್ಕೆ ಟೈಮಿಗೆ ನಾಟಕ ಶುರು, ಲೇಟಾಗಿ ಬಂದೋರನ್ನ ಮೊದಲನೇ ಹಾಡಿನ ಹೊತ್ತಲ್ಲಿ ಪಕ್ಕದ ಬಾಗ್ಲಿಂದ ಒಳಗೆ ಬಿಡ್ತೀವಿ, ಅದು ತಪ್ಪಿದ್ರೆ ಹನ್ನೆರಡರ ಶೋದಲ್ಲಿ ಜಾಗ ಇದ್ರೆ ಅದು. ಮಗು ಅತ್ರೆ ಮುಜುಗರ ಬೇಡ, ಹೊರಗೆ ಕರ್ಕೊಂಡು ಹೋಗಿ ಸಮಾಧಾನ ಮಾಡಿ ವಾಪಸ್ ಬನ್ನಿ. ಮೊಬೈಲ್‌ನಲ್ಲಿ ವಿಡಿಯೋ ಮಾತ್ರ ದಯವಿಟ್ಟು ಬೇಡ, ನಿಮ್ಮ ಪಕ್ಕದ ಮಗು ಮುಖ ಅವ್ರ ಅಪ್ಪ ಅಮ್ಮನ್ನ ಕೇಳ್ದೆ ರೀಲ್ಸ್‌ಗೆ ಹೋಗೋದು ಸರಿಯಲ್ಲ.

ಇನ್ನೊಂದು ಪ್ರಶ್ನೆ ಪದೇ ಪದೇ ಬರತ್ತೆ, "ಮಕ್ಕಳ ನಾಟಕ ಅಂತೀರ, ದೊಡ್ಡೋರೇ ಆಡ್ತೀರಲ್ಲ, ನಮ್ಮ ಮಗಳಿಗೆ ಒಂದು ಪಾರ್ಟ್ ಕೊಡಿ" ಅಂತ. ಭಾನುವಾರದ ನಾಟಕದಲ್ಲಿ ಮಕ್ಕಳ ಪಾತ್ರಾನೂ ನಾವೇ ಮಾಡ್ತೀವಿ. ಬರ್ಲಿನ್‌ನ ಗ್ರಿಪ್ಸ್ ಥಿಯೇಟರ್ ಹೀಗೇ ಮಾಡೋದು, ದೊಡ್ಡ ನಟರು ಮಕ್ಕಳಾಗಿ ಆಡೋದು, ಕಥೆ ಮಕ್ಕಳ ದಿನನಿತ್ಯದ್ದು. ಅದನ್ನ 1986ರಲ್ಲಿ ನಟ ಮೋಹನ್ ಆಗಾಶೆ ಪುಣೆಗೆ ತಂದ್ರು. ವಾರ ವಾರ ಎರಡು ಶೋ, ರಿಹರ್ಸಲ್, ಇದು ಮಕ್ಕಳ ಕೈಲಿ ಮಾಡಿಸೋ ಕೆಲ್ಸ ಅಲ್ಲ. ಮಕ್ಕಳೇ ಆಡೋದಕ್ಕೆ ನಮ್ಮೂರಲ್ಲಿ ಬರ ಇಲ್ಲ, ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣದಲ್ಲಿ ಬೇಸಿಗೇಲಿ ಚಿನ್ನರ ಮೇಳ ಅಂತ ಮಕ್ಕಳ ಶಿಬಿರ ನಡೆಯತ್ತೆ, ನಮ್ಮ ಕ್ಲಾಸಿನ ಎಷ್ಟೋ ಮಕ್ಕಳು ಅಲ್ಲಿಗೂ ಹೋಗ್ತಾರೆ, ಹೋಗ್ಲೇಬೇಕು. (ಕಾರಂತರೇ ಹುಡುಗನಾಗಿದ್ದಾಗ ಗುಬ್ಬಿ ನಾಟಕ ಕಂಪನಿ ಸೇರಿದೋರು, ನಿಮ್ಮ ಮಗಳು ಕೇಳಿದ್ರೆ ಈ ಕಥೆ ಮಾತ್ರ ಹೇಳ್ಬೇಡಿ.)

ಶನಿವಾರದ ಕ್ಲಾಸಲ್ಲೂ ಸಣ್ಣ ಬದಲಾವಣೆ ಇದೆ. ಆರರಿಂದ ಹದಿನಾಲ್ಕು ವರ್ಷದೋರೆಲ್ಲ ಒಂದೇ ಬ್ಯಾಚ್ ಇದ್ದಿದ್ದನ್ನ ಆರರಿಂದ ಒಂಬತ್ತು, ಹತ್ತರಿಂದ ಹದಿನಾಲ್ಕು ಅಂತ ಎರಡು ಮಾಡ್ತಿದೀವಿ, ಒಂದೊಂದಕ್ಕೆ ಇಪ್ಪತ್ತು ಮಕ್ಕಳು. ಎದುರಾ ಬದುರಾ ನಿಂತು ಒಬ್ರನ್ನೊಬ್ರು ಅನುಕರಿಸೋ ಕನ್ನಡಿ ಆಟದಲ್ಲಿ ಹದಿಮೂರರ ಹುಡುಗನ ಎದುರಿಗೆ ಆರರ ಹುಡುಗಿ ನಿಂತ್ರೆ ಅವ್ನು ತಮಾಷೆ ಮಾಡ್ತಾನೆ, ಅವ್ಳು ಸುಮ್ನೆ ಅವ್ನು ಮಾಡಿದ್ದನ್ನೇ ಮಾಡ್ತಾಳೆ, ಇಬ್ರಿಗೂ ಉಪಯೋಗ ಇಲ್ಲ. ಫೀಸು ಅಷ್ಟೇ ಇರತ್ತೆ. ಭಾನುವಾರ ನಾಟಕ ಆದ್ಮೇಲೆ ಬೇಕಾದ ಮಕ್ಕಳು ಇಪ್ಪತ್ತು ನಿಮಿಷ ಅಲ್ಲೇ ಉಳಿದು ಛತ್ರಿ, ಮುಖವಾಡ, ಡೋಲು ಎಲ್ಲ ಮುಟ್ಟಿ ಆಡಿ ನೋಡ್ಬಹುದು, ಅದಕ್ಕೆ ಬೇರೆ ದುಡ್ಡಿಲ್ಲ.

ಸೀಸನ್ ಪಾಸ್ ತಗೊಂಡೋರು ಗಮನಿಸಿ. ಉಳಿದ ಶೋಗಳಿಗೆ ನಿಮ್ಮ ಪಾಸ್ ಹಳೇ ರೇಟಲ್ಲೇ ನಡೆಯತ್ತೆ, 50 ರೂಪಾಯಿ ವ್ಯತ್ಯಾಸ ನಾವು ಕೇಳಲ್ಲ. ಬೆಳಿಗ್ಗೆ ಟೈಮ್ ಆಗಲ್ಲ ಅನ್ನೋರು ಮೇ ತಿಂಗಳ ಕೊನೆಯೊಳಗೆ ಆಫೀಸ್ ನಂಬರಿಗೆ ಒಂದು ಮೆಸೇಜ್ ಹಾಕಿ, ಉಳಿದ ದುಡ್ಡು ಫೋನ್‌ಪೇ ಅಥವಾ ಗೂಗಲ್‌ಪೇಗೆ ವಾಪಸ್ ಹಾಕ್ತೀವಿ, ಯಾಕೆ ಏನು ಅಂತ ಕೇಳಲ್ಲ. ಭಾನುವಾರ ಡ್ಯೂಟಿ ಇರೋ ಮನೆಗಳು ಐದಾರು ಸಿಕ್ಕಿದ್ರೆ ತಿಂಗಳಿಗೊಂದು ಶನಿವಾರ ಸಂಜೆ ಶೋ ಮಾಡೋ ಆಲೋಚನೆ ಇದೆ, ಅಂಥೋರು ಅದನ್ನೂ ಮೆಸೇಜಲ್ಲೇ ತಿಳಿಸಿ. ಬುಕಿಂಗ್ ಪ್ರತಿ ಬುಧವಾರ ಬೆಳಿಗ್ಗೆ ಓಪನ್ ಆಗತ್ತೆ, ಬಾಗ್ಲಲ್ಲಿ ಟಿಕೆಟ್ ಸಿಗತ್ತೆ ಅಂತ ನಂಬ್ಕೊಂಡು ಬರ್ಬೇಡಿ. ಜೂನ್‌ನ ಮೊದಲ ನಾಟಕ ಕಾಗೆ ಮತ್ತು ಹಾವು, ನಾಲ್ಕು ವರ್ಷ ಮೇಲ್ಪಟ್ಟೋರಿಗೆ ಸರಿಯಾಗತ್ತೆ, ಅದಕ್ಕಿಂತ ಚಿಕ್ಕೋರು ಹಾವು ಬಂದಾಗ ಹೆದರ್ಬಹುದು, ಬಾಗ್ಲ ಹತ್ರದ ಜಾಗ ಕೇಳಿ ತಗೊಳ್ಳಿ.

ಇಂತಿ,
ಸಂಘದ ಎಲ್ಲ ಕಲಾವಿದರು, ಮೈಸೂರು