ನೀರು ಕಟ್ಟುವವರನ್ನೂ ಸಭೆಗೆ ಕರೆಯಿರಿ

ಸಂಪಾದಕರೇ,

ಗೊರೂರಿನ ಹೇಮಾವತಿ ಜಲಾಶಯದಲ್ಲಿ 37 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ನಮ್ಮ ಗದ್ದೆ ಇರುವುದು ಹೊಳೆನರಸೀಪುರ ತಾಲ್ಲೂಕಿನಲ್ಲಿ, ನಾಲೆಯ ಕೊನೆ ಭಾಗದಲ್ಲಿ. ಅಣೆಕಟ್ಟೆ ತುಂಬಿದ ವರ್ಷವೂ ನಮ್ಮ ತೂಬಿಗೆ ನೀರು ಬರುವಷ್ಟರಲ್ಲಿ ಮೇಲಿನವರ ನಾಟಿ ಮುಗಿದಿರುತ್ತದೆ. ಇದನ್ನು ಹೇಳಬೇಕಾದ ಜಾಗ ನೀರು ಬಳಕೆದಾರರ ಸಹಕಾರ ಸಂಘ. ಅಲ್ಲಿಗೆ ನನಗೆ ಪ್ರವೇಶವೇ ಇಲ್ಲ.

ಕಾರಣ ಪಹಣಿ. ಜಮೀನು ಇನ್ನೂ ನಮ್ಮ ಮಾವನವರ ಹೆಸರಿನಲ್ಲಿದೆ. ಅವರು ತೀರಿಕೊಂಡು ವರ್ಷಗಳಾದವು, ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿಲ್ಲ. ಅಣ್ಣತಮ್ಮಂದಿರಲ್ಲಿ ಭಾಗವೂ ಆಗಿಲ್ಲ. ನಮ್ಮ ಯಜಮಾನರು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಒಟ್ಲು (ಭತ್ತದ ಸಸಿಮಡಿ) ಹಾಕಿಸುವುದು, ಆಳು ಹುಡುಕುವುದು, ನಮ್ಮ ಸರದಿ ರಾತ್ರಿ ಬಂದರೆ ಬ್ಯಾಟರಿ ಹಿಡಿದು ಹೋಗಿ ನೀರು ಕಟ್ಟುವುದು ಎಲ್ಲ ನಾನೇ. ಸದಸ್ಯತ್ವ ಕೇಳಲು ಹೋದಾಗ, 'ಪಹಣಿ ನಿಮ್ಮ ಹೆಸರಲ್ಲಿದೆಯೇನಮ್ಮ?' ಎಂದು ಕೇಳಿ ವಾಪಸ್ ಕಳಿಸಿದರು. ನಮ್ಮೂರಲ್ಲಿ ಗುತ್ತಿಗೆಗೆ, ವಾರಕ್ಕೆ (ಬೆಳೆಯಲ್ಲಿ ಪಾಲು ಕೊಡುವ ಕರಾರಿಗೆ) ಗದ್ದೆ ಮಾಡುವವರ ಪಾಡೂ ಇದೇ. ಬೆಳೆ ಒಣಗಿದರೆ ನಷ್ಟ ಅವರದು, ಸಭೆಯಲ್ಲಿ ಕೂರುವವರು ಬೇರೆಯವರು.

ಕಾನೂನು ಇಲ್ಲವೆಂದಲ್ಲ. 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2000ದಲ್ಲಿ ತಿದ್ದುಪಡಿ ತಂದು ಈ ಸಂಘಗಳಿಗೆ ದಾರಿ ಮಾಡಿದರು. ನೀರಿನ ನಿರ್ವಹಣೆಯಲ್ಲಿ ಮಹಿಳೆಯರಿಗೆ ಸೂಕ್ತ ಪಾತ್ರ ಇರಬೇಕು ಎಂದು 2002ರ ರಾಷ್ಟ್ರೀಯ ಜಲನೀತಿಯೇ ಹೇಳಿದೆ. ಜಲ ಜೀವನ್ ಮಿಷನ್ ಬಂದ ಮೇಲೆ ಕುಡಿಯುವ ನೀರಿನ ಗ್ರಾಮ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂಬ ನಿಯಮವಿದೆ. ನಲ್ಲಿ ನೀರಿಗೆ ನಮ್ಮ ಮಾತು ಬೇಕು ಅಂದಮೇಲೆ ನಾಲೆ ನೀರಿಗೂ ಬೇಕು, ಅಲ್ವಾ?

ಇನ್ನು ನಾಲೆಗೆ ಯಾವಾಗ, ಎಷ್ಟು ದಿನ ನೀರು ಎಂಬುದು ತೀರ್ಮಾನವಾಗುವುದು ಸಚಿವರ ಅಧ್ಯಕ್ಷತೆಯ ನೀರಾವರಿ ಸಲಹಾ ಸಮಿತಿಯಲ್ಲಿ. ನಮಗೆ ತಿಳಿಯುವುದು ಪತ್ರಿಕೆ ನೋಡಿದಾಗ. ಅಷ್ಟು ಹೊತ್ತಿಗೆ ಒಟ್ಲು ಹಾಕಿ ಆಗಿರುತ್ತದೆ. ಮೊದಲೇ ಗೊತ್ತಾದರೆ ಬೇಗ ಕೊಯ್ಲಿಗೆ ಬರುವ ಭತ್ತವನ್ನೋ, ರಾಗಿಯನ್ನೋ ಹಾಕಿಕೊಳ್ಳುತ್ತಿದ್ದೆವು. ಒಂದು ಮಾತು ಮುಂಚೆ ತಿಳಿಸಿದರೆ ಎಷ್ಟು ಮನೆಗಳ ಸಾಲ ತಪ್ಪುತ್ತದೆ!

ಸಂಘದ ಸಭೆಯ ನೋಟಿಸ್ ಕಚೇರಿ ಗೋಡೆಗೆ ಅಂಟಿಸಿ ಸುಮ್ಮನಾಗುತ್ತಾರೆ. ಸಭೆ ನಡೆಯುವುದು ನಡುಮಧ್ಯಾಹ್ನ, ಬಸ್ ಹತ್ತಿ ಹೋಗಬೇಕಾದ ಕಡೆ. ನಾಟಿ, ಕಳೆ ಬಿಟ್ಟು ಯಾರು ಹೋಗುತ್ತಾರೆ? ನಮ್ಮ ಹಾಲಿನ ಡೇರಿ ನೋಡಿ. ಅಲ್ಲಿ ಹಾಲು ಹಾಕುವವರೇ ಸದಸ್ಯರು. ಹೆಂಗಸರು ಲೆಕ್ಕ ಕೇಳುತ್ತಾರೆ, ಫ್ಯಾಟ್ ಕಡಿಮೆ ಬಂದರೆ ಜೋರಾಗಿಯೇ ಪ್ರಶ್ನೆ ಮಾಡುತ್ತಾರೆ. ಮಾತಾಡಲು ಬರದವರೇನಲ್ಲ ನಾವು.

ಸಂಬಂಧಪಟ್ಟವರಲ್ಲಿ ನನ್ನ ಕೋರಿಕೆ ಇಷ್ಟು. ಪಹಣಿ ಯಾರ ಹೆಸರಲ್ಲೇ ಇರಲಿ, ಗದ್ದೆ ಮಾಡುವವರಿಗೆ ಸಭೆಯಲ್ಲಿ ಮಾತಾಡಲು ಅವಕಾಶ ಕೊಡಿ. ಈ ಸಲ ನಾಲೆಗೆ ನೀರು ಬಿಡುವ ಮುಂಚೆ ಒಂದು ಸಭೆಯನ್ನಾದರೂ ಕೊನೆ ತೂಬಿನ ಊರಲ್ಲಿ ನಡೆಸಿ. ಸಂಜೆ ಹಾಲು ಹಾಕುವ ಹೊತ್ತಿಗೆ ಡೇರಿ ಮುಂದೆಯೇ ಇಟ್ಟುಕೊಂಡರೆ ನಾವೆಲ್ಲ ಅಲ್ಲೇ ಇರುತ್ತೇವೆ.

– ಒಬ್ಬ ರೈತ ಮಹಿಳೆ, ಹೊಳೆನರಸೀಪುರ ತಾಲ್ಲೂಕು, ಹಾಸನ ಜಿಲ್ಲೆ